ನಿಮಗಿದು ಗೊತ್ತೇ? ಮುದಿ ತೆಂಗು ಗರಗಸದ ಹಲ್ಲನ್ನೇ ಸವೆಸುತ್ತದೆ!

ಎರಡು ಚಕ್ರಗಳ ಮೇಲೆ ಸುತ್ತುತ್ತಾ ಮರ ಕೊಯ್ಯುವ ಗರಗಸವೇ ಬ್ಯಾಂಡ್ ಸಾ. ಅದರ ಬ್ಲೇಡಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಉಕ್ಕಿನ ಪಟ್ಟಿಯ ಎರಡೂ ತುದಿ ಸೇರಿಸಿ ಬೆಸುಗೆ ಹಾಕಿದರೆ ಬ್ಲೇಡ್ ತಯಾರು!

ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ ಈ ಯಂತ್ರಕ್ಕೆ 1809ರ ಹೊತ್ತಿಗೇ ಪೇಟೆಂಟ್ ಪಡೆದಿದ್ದರು. ಆದರೆ ಬೆಸುಗೆ ನಿಲ್ಲಲೇ ಇಲ್ಲ, ಬ್ಲೇಡ್ ಪಟಪಟ ತುಂಡಾಗುತ್ತಿತ್ತು. ಆ ತೊಡಕು ಬಿಡಿಸಿದ್ದು 1846ರಲ್ಲಿ ಫ್ರಾನ್ಸಿನ ಆನ್ ಪೌಲಿನ್ ಕ್ರೆಪಿನ್. ಹೌದು, ಒಬ್ಬ ಹೆಣ್ಣುಮಗಳು!

14 ಇಂಚು ಚಕ್ರದ ಯಂತ್ರದಲ್ಲಿ ಬ್ಲೇಡ್ ನಿಮಿಷಕ್ಕೆ ಸುಮಾರು 3,000 ಅಡಿ ಓಡುತ್ತದೆ. ಗಂಟೆಗೆ 55 ಕಿಲೋಮೀಟರ್, ಚಿತ್ರದುರ್ಗದ ದಾರಿ ಹಿಡಿದ ಬಸ್ಸಿನಷ್ಟು ವೇಗ! ಒಂದೊಂದು ಸೆಕೆಂಡಿಗೆ ಸುಮಾರು ಆರು ಸುತ್ತು. ಪ್ರತಿ ಸುತ್ತಿನಲ್ಲೂ ಎರಡು ಸಲ ಬಾಗಿ ನೆಟ್ಟಗಾಗಬೇಕು. ದಪ್ಪ ಬ್ಲೇಡ್ ಗಟ್ಟಿ ಅಂದುಕೊಂಡಿರಾ? ಚಿಕ್ಕ ಚಕ್ರದ ಮೇಲೆ ಬೇಗ ಬಿರುಕು ಬಿಡುವುದು ಅದೇ!

ಈಗ ನಮ್ಮ ತೋಟಕ್ಕೆ ಬನ್ನಿ. ಬಿ.ದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆ ತೆಂಗಿನ ತೋಟ ಯಾರು ನೋಡಿಲ್ಲ? ಕಾಯಿ ಬಿಡದ ಮುದಿ ಮರ ಸಾಮಿಲ್ ಸೇರಿದಾಗ ಅದರ ವಿಚಿತ್ರ ಹೊರಬೀಳುತ್ತದೆ. ಬಹಳಷ್ಟು ಮರಗಳಿಗೆ ಒಳಗಿನ ಚೇಗು ಗಟ್ಟಿ. ತೆಂಗಿಗೆ ಹೊರಗಿನ ಸುತ್ತೇ ಗಟ್ಟಿ, ನಡುಭಾಗ ಮೆದು. ಪೂರಾ ಉಲ್ಟಾ!

ವಯಸ್ಸು ಹೇಳುವ ಉಂಗುರ ಹುಡುಕಿದರೆ ಒಂದೂ ಸಿಗದು. ಕೊಂಬೆಯೇ ಇಲ್ಲದ ಮೇಲೆ ಗಂಟೂ ಇಲ್ಲ!

ಹಾಗಂತ ಸುಲಭ ಅಂದುಕೊಳ್ಳಬೇಡಿ. ಬಲಿತ ತೆಂಗಿನ ಆ ಹೊರಸುತ್ತು ಸಾದಾ ಉಕ್ಕಿನ ಹಲ್ಲನ್ನು ಬೇಗ ಮೊಂಡು ಮಾಡುತ್ತದೆ. ಅದಕ್ಕೇ ಹಲ್ಲಿನ ತುದಿಗೆ ಕಾರ್ಬೈಡ್ ಅಥವಾ ಸ್ಟೆಲೈಟ್ ಕೂರಿಸಿದ ಬ್ಲೇಡ್ ಕೊಳ್ಳುವುದು ಒಳ್ಳೆಯದು. ಸ್ಟೆಲೈಟ್ ಅಂದರೆ ಕೋಬಾಲ್ಟ್ ಮತ್ತು ಕ್ರೋಮಿಯಂ ಸೇರಿದ ಮಿಶ್ರಲೋಹ. ಬೆಲೆ ಜಾಸ್ತಿ, ನಿಜ. ಆದರೆ ದಿನವೂ ತೆಂಗು ಕೊಯ್ಯುವವರಿಗೆ ಆ ದುಡ್ಡು ದಂಡವಲ್ಲ!

ತೇಗವೂ ಸುಮ್ಮನಿಲ್ಲ. ಅದರೊಳಗೆ ಸಿಲಿಕಾ ಇದೆ. ಮರಳಿನಲ್ಲಿ ಇರುವುದೂ ಅದೇ!

ಹಲ್ಲು ಹೆಚ್ಚಿದ್ದಷ್ಟೂ ಬೇಗ ಕೊಯ್ಯುತ್ತದೆಯೇ? ಇಲ್ಲವೇ ಇಲ್ಲ! ಹಲ್ಲುಗಳ ಸಂದಿನಲ್ಲಿ ಹೊಟ್ಟು ತುಂಬಿಕೊಂಡರೆ ಬ್ಲೇಡ್ ಬಿಸಿಯಾಗಿ ಅಡ್ಡದಾರಿ ಹಿಡಿಯುತ್ತದೆ. ದಪ್ಪ ದಿಮ್ಮಿಗೆ, ಅದರಲ್ಲೂ ಹಸಿ ಮರಕ್ಕೆ, ಇಂಚಿಗೆ ಎರಡು ಮೂರು ಹಲ್ಲು ಸಾಕು. ತೆಳು ಹಲಗೆಗೆ ಮಾತ್ರ ಸಣ್ಣ ಹಲ್ಲು ಬೇಕು. ಯಾವ ಗಳಿಗೆಯಲ್ಲೂ ಕನಿಷ್ಠ ಮೂರು ಹಲ್ಲು ಮರದೊಳಗೆ ಇರಬೇಕು, ಇಷ್ಟೇ ಲೆಕ್ಕ.

ತೊಟ್ಟಿಲಿನ ಬಾಗು, ಕುರ್ಚಿಯ ಕೈ ಕೊಯ್ಯಬೇಕೇ? ಕಾಲು ಇಂಚು ಅಗಲದ ಬ್ಲೇಡ್ ಮುಕ್ಕಾಲು ಇಂಚಿಗಿಂತ ಕಡಿಮೆ ತ್ರಿಜ್ಯದ ತಿರುವನ್ನೂ ದಾಟುತ್ತದೆ. ಅರ್ಧ ಇಂಚಿನದಕ್ಕೆ ಎರಡೂವರೆ ಇಂಚು ತ್ರಿಜ್ಯ ಬೇಕೇ ಬೇಕು!

ಹೊಸ ಬ್ಲೇಡ್ ಕೂರಿಸಿದರೆ ಹಲ್ಲೆಲ್ಲ ಮೇಲಕ್ಕೆ ಮುಖ ಮಾಡಿವೆಯೇ? ಅಂಗಡಿಯವರನ್ನು ಬೈಯಬೇಡಿ. ಬ್ಲೇಡನ್ನು ಅಂಗಿಯ ತೋಳಿನಂತೆ ಒಳಹೊರಗು ಮಾಡಿ. ಹಲ್ಲು ತಾನಾಗಿ ಕೆಳಮುಖ!

ಮೂರು ಸುತ್ತಾಗಿ ಮಡಚಿ ಬರುವ ಬ್ಲೇಡ್ ಕಟ್ಟು ಬಿಚ್ಚಿದ ಕೂಡಲೇ ಚಿಮ್ಮುತ್ತದೆ. ಕೈಗವಸು, ಕನ್ನಡಕ ಮರೆಯಬೇಡಿ!

ಬೇಲಿಯ ಮರ, ರಸ್ತೆ ಬದಿಯ ಹುಣಸೆ ಕೊಯ್ಯುವ ಮೊದಲು ಮೊಳೆ, ತಂತಿ ಹುಡುಕಿ. ಯಾವಾಗಲೋ ಹೊಡೆದ ಮೊಳೆಯನ್ನು ಮರ ಪೂರ್ತಿ ನುಂಗಿ ಮುಚ್ಚಿಬಿಟ್ಟಿರುತ್ತದೆ. ಹೊಸ ಬ್ಲೇಡಿನ ಹಲ್ಲು ಉದುರಿಸಲು ಒಂದೇ ಮೊಳೆ ಸಾಕು!

ಅಂಗಡಿಗೆ ಹೊರಡುವ ಮುನ್ನ ಯಂತ್ರದ ಬ್ಲೇಡಿನ ಉದ್ದ ಬರೆದುಕೊಳ್ಳಿ. ಬರಹ ಅಳಿಸಿದೆಯೇ? ಎರಡೂ ಚಕ್ರ ಒಂದೇ ಅಳತೆಯವಾದರೆ, ಅವುಗಳ ನಡುಬಿಂದುಗಳ ಅಂತರವನ್ನು ಎರಡರಿಂದ, ಒಂದು ಚಕ್ರದ ವ್ಯಾಸವನ್ನು 3.14ರಿಂದ ಗುಣಿಸಿ ಕೂಡಿಸಿ. ಉದ್ದ ಸಿಕ್ಕಿತು! ಜೊತೆಗೆ ಯಾವ ಮರ, ಎಷ್ಟು ದಪ್ಪ ಅನ್ನುವುದನ್ನೂ ಅಂಗಡಿಯವರಿಗೆ ತಪ್ಪದೆ ಹೇಳಿ.