ರಾಮೋಜಿ ಗೇಟಿನ ತನಕ ಹೋಗಿ ಒಳಗ ಹೋಗದೇ ಬಂದ್ರೆ ಟ್ರಿಪ್ ವೇಸ್ಟಾ?

  ಇವತ್ತಿನ ಎಪಿಸೋಡು ಟ್ರಿಪ್ ಬಗ್ಗೆ. ಆದರೆ ಒಂದು ಜ್ವರದಿಂದ ಶುರು ಮಾಡ್ತೀನಿ.

ನಮ್ಮ ಹಳ್ಳಿಖೇಡ (ಬಿ) ದೋಸ್ತರದು ಒಂದು ವಾಟ್ಸಾಪ್ ಗ್ರೂಪ್ ಇದೆ. ವರ್ಷಕ್ಕೊಮ್ಮೆ ಅದರಲ್ಲಿ ಒಂದೇ ಮೆಸೇಜು ಬರುತ್ತೆ: "ರಾಮೋಜಿ ಪ್ಲಾನ್ ಮಾಡೋಣೇನ್ರಲೇ?" ಎಲ್ಲರೂ ಹೂಂ ಅಂತಾರೆ. ಹೊರಡೋ ಹಿಂದಿನ ರಾತ್ರಿ ಒಬ್ಬನ ಮೆಸೇಜು: "ನೀವು ಹೋಗಿ ಬರ್ರಿ, ನಂಗ ಜ್ವರ ಬಂದಾವ." ಮೊದಲನೇ ವರ್ಷ ಪಾಪ ಅಂದ್ವಿ. ಎರಡನೇ ವರ್ಷವೂ ಅದೇ ದಿನಕ್ಕೆ ಜ್ವರ. ಆಮೇಲೆ ಗೊತ್ತಾಯ್ತು, ಅವನಿಗೆ ಜ್ವರ ಇರಲಿಲ್ಲ. ಟಿಕೆಟ್ಟಿಗೆ ರೊಕ್ಕ ಇರಲಿಲ್ಲ. ಅದನ್ನು ಗ್ರೂಪಲ್ಲಿ ಹೇಳೋದು ಹೇಗೆ? ಹಾಗಾಗಿ ಜ್ವರ.

ಇವತ್ತಿನ ಪ್ರಶ್ನೆ ಇದು: ಥೀಮ್ ಪಾರ್ಕ್ ಇರೋ ಕಡೆಗೆ ಹೋಗಿ, ಪಾರ್ಕಿನ ಒಳಗೆ ಹೋಗದೇ, ದಿನ ಪೂರ್ತಿ ಖುಷಿಯಾಗಿ ಕಳೆಯೋಕೆ ಆಗುತ್ತಾ? ಆಗುತ್ತೆ. ಹೇಗೆ ಅಂತ ಲೆಕ್ಕದಿಂದಲೇ ಶುರು ಮಾಡೋಣ. ಬಿ.ಕಾಂ ಮಾಡಿದ್ದು ಒಂದು ದಿನವಾದರೂ ಉಪಯೋಗಕ್ಕೆ ಬರಲಿ.

ಖರ್ಚಿನ ಎರಡು ಜಾತಿ

ಕಾಸ್ಟಿಂಗ್ ಪಾಠದಲ್ಲಿ ಮೊದಲು ಹೇಳಿಕೊಡೋದು ಫಿಕ್ಸೆಡ್ ಮತ್ತು ವೇರಿಯಬಲ್ ಖರ್ಚು. ಟ್ರಿಪ್ಪಿನಲ್ಲಿ ಗಾಡಿ ಬಾಡಿಗೆ ಫಿಕ್ಸೆಡ್. ನಾಲ್ಕು ಜನ ಹೋದರೂ ಅಷ್ಟೇ, ಆರು ಜನ ಹೋದರೂ ಅಷ್ಟೇ. ಎಂಟ್ರಿ ಟಿಕೆಟ್ ವೇರಿಯಬಲ್, ತಲೆಗೆ ಒಂದು.

ಲೆಕ್ಕಕ್ಕೆ ಅಂತ ಹೀಗೆ ಇಟ್ಟುಕೊಳ್ಳಿ. ಗಾಡಿ, ಡೀಸೆಲ್, ಟೋಲ್ ಎಲ್ಲ ಸೇರಿ 6000 ರೂಪಾಯಿ. ಪಾರ್ಕ್ ಟಿಕೆಟ್ ತಲೆಗೆ 1500. ಊಟ, ಚಹಾ 400. ಆರು ಜನ ಹೋದರೆ ತಲೆಗೆ ಗಾಡಿಯದು 1000, ಒಟ್ಟು 2900. ಒಬ್ಬನಿಗೆ 'ಜ್ವರ' ಬಂತು ಅಂದರೆ ಗಾಡಿಯದು 1200 ಆಗುತ್ತೆ, ಒಟ್ಟು 3100. ಅಂದರೆ ದುಬಾರಿ ಟಿಕೆಟ್ ಒಬ್ಬನನ್ನು ಮನೆಯಲ್ಲಿ ಕೂರಿಸಿತು, ಉಳಿದವರ ಜೇಬಿಗೂ ಕತ್ತರಿ ಹಾಕಿತು.

ಈಗ ಟಿಕೆಟ್ ತೆಗೆದುಬಿಡಿ. ತಲೆಗೆ 1400. ಆರೂ ಜನ ಬರ್ತಾರೆ. ಅರ್ಧಕ್ಕಿಂತ ಕಡಿಮೆ ಖರ್ಚು.

ಹಂಗಂತ ರಾಮೋಜಿ ಫಿಲ್ಮ್ ಸಿಟಿ ಚೆನ್ನಾಗಿಲ್ಲ ಅಂತ ನಾನು ಹೇಳ್ತಿಲ್ಲ. 1996ರಲ್ಲಿ ರಾಮೋಜಿ ರಾವ್ ಕಟ್ಟಿದ್ದು. ಜಗತ್ತಿನ ಅತಿ ದೊಡ್ಡ ಫಿಲ್ಮ್ ಸ್ಟುಡಿಯೋ ಸಂಕೀರ್ಣ ಅಂತ ಗಿನ್ನೆಸ್ ದಾಖಲೆ ಇದೆ. 'ಬಾಹುಬಲಿ' ಶೂಟಿಂಗ್ ಆಗಿದ್ದೂ ಅಲ್ಲೇ. ಸಿನಿಮಾ ಹುಚ್ಚಿದ್ದರೆ ರೊಕ್ಕ ಕೂಡಿಟ್ಟು ಹೋಗಿ, ಆದರೆ ಬೆಳಿಗ್ಗೆ ಗೇಟ್ ತೆಗೆಯೋ ಹೊತ್ತಿಗೆ ಹೋಗಿ, ಸಂಜೆ ತನಕ ಇರಿ. ರಾವಿರ್ಯಾಲದ ವಂಡರ್‌ಲಾಗೂ ಇದೇ ಮಾತು. 2016ರಲ್ಲಿ ಶುರುವಾದ ಪಾರ್ಕು ಅದು. ಅಲ್ಲಿ ರೈಡುಗಳಿಗೆ ಎತ್ತರದ ನಿಯಮ ಇದೆ. ಮನೆಯಲ್ಲಿ ಸಣ್ಣ ಮಕ್ಕಳು, ಮೊಣಕಾಲು ನೋವಿನ ಅಜ್ಜಿ ಇದ್ದರೆ, ಟಿಕೆಟ್ ತಗೊಂಡು ಬೇರೆಯವರು ರೈಡ್ ಹತ್ತೋದನ್ನ ನೋಡ್ತಾ ಕೂರೋ ಜನವೇ ಜಾಸ್ತಿ ಆಗ್ತಾರೆ.

ದೊಡ್ಡ ನಷ್ಟ ಯಾವುದು ಗೊತ್ತಾ? ನಮ್ಮೂರಿಂದ ಹೊರಟು, ಮಧ್ಯಾಹ್ನ 12ಕ್ಕೆ ಮುಟ್ಟಿ, ಪೂರ್ತಿ ಟಿಕೆಟ್ ಕೊಟ್ಟು, 4 ಗಂಟೆಗೆ "ಹೊತ್ತಾಯ್ತು, ನಡೀರಿ" ಅನ್ನೋದು.

ಬೇರೆ ಕಡೆ ಏನು ಮಾಡ್ತಾರೆ?

ಇದು ಬಡವರ ಐಡಿಯಾ ಅಂತ ಅನ್ನಿಸಿದರೆ ಅಮೆರಿಕದ ಕಡೆ ನೋಡಿ. ಫ್ಲೋರಿಡಾದ ಒರ್ಲಾಂಡೋ ಹತ್ತಿರ 1971ರಿಂದ ವಾಲ್ಟ್ ಡಿಸ್ನಿ ವರ್ಲ್ಡ್ ಇದೆ. ಅಲ್ಲಿಗೆ ಹೋಗಿ ಪಾರ್ಕ್ ಟಿಕೆಟ್ ತಗೊಳ್ಳದೇ ದಿನ ಕಳೆಯುವವರು ಬೇಕಾದಷ್ಟು ಜನ. ಡಿಸ್ನಿ ಸ್ಪ್ರಿಂಗ್ಸ್ ಅನ್ನೋ ಅಂಗಡಿ-ಹೋಟೆಲ್ ಬೀದಿಗೆ ಎಂಟ್ರಿ ಫ್ರೀ, ಪಾರ್ಕಿಂಗೂ ಫ್ರೀ. ಮಾನೋರೈಲಿಗೂ ಟಿಕೆಟ್ ಇಲ್ಲ. ಕಂಪನಿ ಇದನ್ನು ಯಾಕೆ ಬಿಟ್ಟಿ ಕೊಡುತ್ತೆ? ಒಳಗೆ ಬಾರದವರೂ ಹೊರಗೆ ತಿಂತಾರೆ, ಕೊಳ್ತಾರೆ.

ರಾಮೋಜಿ ಹಂಗಲ್ಲ. ಗೇಟಿನ ಹೊರಗೆ ನಿಂತರೆ ಒಳಗಿನದು ಏನೂ ಕಾಣೋದಿಲ್ಲ. ಬೋರ್ಡಿನ ಮುಂದೆ ಒಂದು ಸೆಲ್ಫಿ, ಐದು ನಿಮಿಷ, ಮುಗೀತು. ಆದರೆ ಅದರ ಸುತ್ತಮುತ್ತ ಇರೋದನ್ನ ಯಾವ ಕಂಪನಿಯೂ ಕಟ್ಟಿಲ್ಲ. ಅದೇ ಇವತ್ತಿನ ನಮ್ಮ ದಾರಿ.

ನಮ್ಮದೇ ರಸ್ತೆ

ಹುಮನಾಬಾದ್ ಮೇಲೆ ಹಾಯ್ದು ಹೋಗೋ ಹೈವೇ ನಂಬರ್ 65. ಪುಣೆಯಿಂದ ಮಚಲೀಪಟ್ಟಣದ ತನಕ ಹೋಗೋ ರಸ್ತೆ. ಜಹೀರಾಬಾದ್, ಸಂಗಾರೆಡ್ಡಿ, ಪಟಾನ್‌ಚೆರು, ಹೈದರಾಬಾದ್ ದಾಟಿ ವಿಜಯವಾಡ ಕಡೆ ಹೋಗುವಾಗ ರಾಮೋಜಿ ಗೇಟ್ ಇದೇ ರಸ್ತೆಯ ಬದಿಗೆ ಬರುತ್ತೆ. ಹುಮನಾಬಾದ್ ಚೌಕಿನಲ್ಲಿ ಚಹಾ ಕುಡಿದ ರಸ್ತೆಯೇ ಅಲ್ಲಿಗೂ ಹೋಗುತ್ತೆ. ನಮ್ಮೂರಿಂದ 200 ಕಿಲೋಮೀಟರಿನ ಮೇಲಾಗುತ್ತೆ, ನಾಲ್ಕು-ಐದು ತಾಸಿನ ದಾರಿ.

ಕಾರಿದ್ದರೆ ಊರೊಳಗೆ ಹೋಗಬೇಡಿ. ಪಟಾನ್‌ಚೆರು ಹತ್ತಿರ ಔಟರ್ ರಿಂಗ್ ರೋಡ್ ಹತ್ತಿ, ಪೆದ್ದ ಅಂಬರ್‌ಪೇಟೆ ಹತ್ತಿರ ಇಳೀರಿ. ಟೋಲ್ ಇದೆ, ಟ್ರಾಫಿಕ್ ಇಲ್ಲ. ಬೈಕಿಗೆ ಅದರ ಮೇಲೆ ಪ್ರವೇಶ ಇಲ್ಲ, ನೆನಪಿರಲಿ.

ಬಸ್ಸಲ್ಲಿ ಹೋಗೋರಿಗೆ ಒಂದು ಉಪಾಯ. ಎಂಜಿಬಿಎಸ್ ತನಕ ಟ್ರಾಫಿಕ್ಕಿನಲ್ಲಿ ಕೂರಬೇಡಿ. ನಮ್ಮ ಕಡೆಯಿಂದ ಹೋಗುವಾಗ ಮಿಯಾಪುರ ಮೊದಲೇ ಸಿಗುತ್ತೆ. ಅಲ್ಲಿಳಿದು ಮೆಟ್ರೋ ಹತ್ತಿ. ಮಿಯಾಪುರದಿಂದ ಎಲ್.ಬಿ. ನಗರ: ಕೆಂಪು ಲೈನು, 29 ಕಿಲೋಮೀಟರ್, 27 ಸ್ಟೇಷನ್, ನೂರು ರೂಪಾಯಿಯೊಳಗಿನ ಟಿಕೆಟ್. ಇಡೀ ಹೈದರಾಬಾದನ್ನು ಮೇಲಿಂದ ನೋಡ್ತಾ ಈ ತುದಿಯಿಂದ ಆ ತುದಿಗೆ. ಮೆಟ್ರೋನೇ ನೋಡದ ಊರಿನ ಹುಡುಗರಿಗೆ ಇದೂ ಒಂದು ರೈಡೇ. ಎಲ್.ಬಿ. ನಗರದ ಕಡೆಯಿಂದ ಮುಂದೆ ಬಸ್ಸು ಸಿಗ್ತವೆ.

ಮೊದಲನೇ ನಿಲ್ದಾಣ: ಸಂಘಿ ಗುಡಿ

ರಾಮೋಜಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಗುಡ್ಡದ ಮೇಲೆ ವೆಂಕಟೇಶ್ವರನ ಗುಡಿ. ಗೋಪುರ ದೂರದಿಂದಲೇ ಕಾಣುತ್ತೆ. ಸಿನಿಮಾ ಹಾಡುಗಳಲ್ಲಿ ನೀವು ಇದನ್ನು ನೋಡಿರೋ ಚಾನ್ಸ್ ಇದೆ. ಮಧ್ಯಾಹ್ನ ಬಾಗಿಲು ಹಾಕಿರ್ತಾರೆ, ಅದಕ್ಕೆ ಬೆಳಿಗ್ಗೆಯೇ ಮುಗಿಸಿ. ಮನೆಯ ಹಿರಿಯರು ಬಂದಿದ್ದರೆ ಅವರ ಟ್ರಿಪ್ಪು ಇಲ್ಲಿಗೇ ಅರ್ಧ ಸಾರ್ಥಕ.

ಎರಡನೇದು: ಭೂದಾನ್ ಪೋಚಂಪಲ್ಲಿ

ನನಗೆ ದಿನದ ಜೀವ ಇಲ್ಲಿದೆ. ಪೋಚಂಪಲ್ಲಿ ನೇಕಾರರ ಊರು. 2021ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಇದನ್ನು ಉತ್ತಮ ಪ್ರವಾಸಿ ಗ್ರಾಮಗಳಲ್ಲಿ ಒಂದು ಅಂತ ಆರಿಸಿತು.

ಇಲ್ಲಿನ ಇಕ್ಕತ್ ಸೀರೆಯಲ್ಲಿ ವಿಶೇಷ ಏನು? ಸಾಮಾನ್ಯವಾಗಿ ಬಟ್ಟೆ ನೇಯ್ದ ಮೇಲೆ ಡಿಸೈನ್ ಪ್ರಿಂಟ್ ಮಾಡ್ತಾರೆ. ಇಲ್ಲಿ ಉಲ್ಟಾ. ನೇಯೋ ಮೊದಲೇ ನೂಲಿನ ಮೇಲೆ ಡಿಸೈನ್ ಗುರುತು ಮಾಡಿ, ಬಣ್ಣ ತಾಗಬಾರದ ಜಾಗ ಬಿಗಿಯಾಗಿ ಕಟ್ಟಿ, ಬಣ್ಣದಲ್ಲಿ ಅದ್ದುತ್ತಾರೆ. ಇನ್ನೊಂದು ಬಣ್ಣ ಬೇಕಂದರೆ ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಅದ್ದಬೇಕು. ಆಮೇಲೆ ಮಗ್ಗಕ್ಕೆ. ಹಾಸು-ಹೊಕ್ಕು ಎರಡಕ್ಕೂ ಹೀಗೆ ಬಣ್ಣ ಕಟ್ಟಿದರೆ ಅದು ಡಬಲ್ ಇಕ್ಕತ್. ಒಂದು ನೂಲು ಅತ್ತಿತ್ತ ಸರಿದರೂ ಡಿಸೈನ್ ಕೆಡುತ್ತೆ.

ಬಣ್ಣಕ್ಕಿಂತ ಮೊದಲು 'ಆಸು' ಅನ್ನೋ ಕೆಲಸ ಇದೆ. ಮೊಳೆಗಳ ಸುತ್ತ ಕೈಯಿಂದ ನೂಲು ಸುತ್ತೋದು. ಒಂದು ಸೀರೆಗೆ ಸುಮಾರು 9000 ಸಲ ಕೈ ಆಡಿಸಬೇಕು. ಇದನ್ನು ಹೆಚ್ಚಾಗಿ ಹೆಣ್ಣುಮಕ್ಕಳೇ ಮಾಡ್ತಿದ್ದರು. ಚಿಂತಕಿಂದಿ ಮಲ್ಲೇಶಂ ಅನ್ನೋ ನೇಕಾರರ ಮನೆ ಹುಡುಗ, ಅವ್ವನ ಭುಜದ ನೋವು ನೋಡಲಾರದೇ ವರ್ಷಗಟ್ಟಲೆ ಒದ್ದಾಡಿ ಒಂದು ಮಷೀನ್ ಮಾಡಿದರು. ಅವ್ವನ ಹೆಸರೇ ಇಟ್ಟರು: ಲಕ್ಷ್ಮಿ ಆಸು ಮಷೀನ್. 2017ರಲ್ಲಿ ಪದ್ಮಶ್ರೀ ಬಂತು, 2019ರಲ್ಲಿ ಅವರ ಮೇಲೆ ತೆಲುಗಿನಲ್ಲಿ 'ಮಲ್ಲೇಶಂ' ಅಂತ ಸಿನಿಮಾನೂ ಬಂತು. ಇಂಜಿನಿಯರಿಂಗ್ ಓದಿದವರಲ್ಲ, ಶಾಲೆ ನಡುವೆಯೇ ಬಿಟ್ಟವರು.

ಮಗ್ಗ ನೋಡೋಕೆ ಯಾರ ಮನೆಗಾದರೂ ಹೋಗೋದಿದ್ದರೆ ಮೊದಲು ಕೇಳಿ. ಅದು ಅವರ ಮನೆ, ನಮ್ಮ ರೀಲ್ಸಿನ ಸೆಟ್ ಅಲ್ಲ. ಕೊಳ್ಳೋದಿದ್ದರೆ ಬಟ್ಟೆ ತಿರುಗಿಸಿ ನೋಡಿ. ಅಸಲಿ ಇಕ್ಕತ್ತಿನಲ್ಲಿ ಎರಡೂ ಬದಿ ಬಣ್ಣ ಒಂದೇ ಥರ ಇರುತ್ತೆ, ಡಿಸೈನಿನ ಅಂಚು ಸ್ವಲ್ಪ ಕದಡಿದ ಹಾಗೆ ಕಾಣುತ್ತೆ. ಅಂಚು ಗೆರೆ ಹೊಡೆದಂಗ ನೆಟ್ಟಗಿದ್ದು ಹಿಂಬದಿ ಮಾಸಲಿದ್ದರೆ ಅದು ಪ್ರಿಂಟು. ಸೀರೆಯ ರೇಟ್ ಕೇಳಿ ಗಾಬರಿ ಆದರೆ ಕರ್ಚೀಫು, ದುಪಟ್ಟಾ ನೋಡಿ.

ಊರಿನ ಹೆಸರಿನ ಮುಂದೆ 'ಭೂದಾನ್' ಯಾಕೆ? 1951ರ ಏಪ್ರಿಲ್ 18ರಂದು ವಿನೋಬಾ ಭಾವೆ ಇಲ್ಲಿಗೆ ನಡೆದುಕೊಂಡು ಬಂದಿದ್ದರು. ತೆಲಂಗಾಣದಲ್ಲಿ ಭೂಮಿಗಾಗಿ ರಕ್ತ ಹರೀತಿದ್ದ ಕಾಲ ಅದು. ಭೂಮಿ ಇಲ್ಲದ ದಲಿತ ಕುಟುಂಬಗಳು ತಮಗೆ 80 ಎಕರೆ ಬೇಕು ಅಂದರು. ವಿನೋಬಾ ಸೇರಿದ ಜನರನ್ನೇ ಕೇಳಿದರು: ಯಾರಾದರೂ ಕೊಡ್ತೀರಾ? ವೆದಿರೆ ರಾಮಚಂದ್ರ ರೆಡ್ಡಿ ಎದ್ದು ನಿಂತು 100 ಎಕರೆ ಕೊಡ್ತೀನಿ ಅಂದರು. ಭೂದಾನ ಚಳವಳಿ ಶುರುವಾಗಿದ್ದು ಅಲ್ಲಿಂದ. ಒಂದು ಎಕರೆ ಬದುವಿಗಾಗಿ ಅಣ್ಣತಮ್ಮಂದಿರು ಕೋರ್ಟ್ ಹತ್ತೋ ನಮ್ಮ ಕಡೆಯವರು ಆ ಜಾಗದಲ್ಲಿ ಒಂದು ನಿಮಿಷ ಸುಮ್ಮನೆ ನಿಲ್ಲಬೇಕು.

ಮೂರನೇದು: ನಮ್ಮ ಕಲ್ಯಾಣದ ರಾಜನ ಕೋಟೆ

ಪೋಚಂಪಲ್ಲಿಯಿಂದ ಭುವನಗಿರಿ ಹತ್ತಿರವೇ. ತೆಲುಗಿನವರು ಭೋಂಗಿರ್ ಅಂತಲೂ ಅಂತಾರೆ. ಊರ ನಡುವೆ ಮೊಟ್ಟೆಯಂಥ ಒಂದೇ ಬೃಹತ್ ಬಂಡೆ, ಅದರ ತಲೆ ಮೇಲೆ ಕೋಟೆ. ಕಟ್ಟಿಸಿದವರು ಯಾರು ಅಂತೀರಿ? ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯ. 1076ರಿಂದ 1126ರ ತನಕ ಆಳಿದ ದೊರೆ. ಅವನ ಬಿರುದು ತ್ರಿಭುವನಮಲ್ಲ. ಅದರಿಂದ ತ್ರಿಭುವನಗಿರಿ, ಆಮೇಲೆ ಭುವನಗಿರಿ. ಅವನ ರಾಜಧಾನಿ ಯಾವುದು? ನಮ್ಮ ಪಕ್ಕದ ಬಸವಕಲ್ಯಾಣ! ಅಂದರೆ ನಾವು ಕಲ್ಯಾಣದ ಕಡೆಯಿಂದ ಹೊರಟು, ಕಲ್ಯಾಣದ ರಾಜನ ಬೆಟ್ಟಕ್ಕೇ ಬಂದು ನಿಂತಿದೀವಿ.

13ನೇ ವಯಸ್ಸಿಗೆ, 2014ರಲ್ಲಿ, ಎವರೆಸ್ಟ್ ಹತ್ತಿದ ಮಾಲಾವತ್ ಪೂರ್ಣಾ ಬಂಡೆ ಹತ್ತೋದು ಕಲಿತಿದ್ದೂ ಈ ಭುವನಗಿರಿಯಲ್ಲೇ.

ಕೋಟೆಗೆ ಚಿಕ್ಕ ಮೊತ್ತದ ಟಿಕೆಟ್ ಇದೆ. ಸಂಜೆ ಹೊತ್ತಿಗೆ ಮುಚ್ಚುತ್ತಾರೆ, ಅದಕ್ಕೆ ಮಧ್ಯಾಹ್ನ ಮೂರರೊಳಗೆ ಹತ್ತೋಕೆ ಶುರು ಮಾಡಿ. ನೀರು ಒಯ್ಯಿರಿ, ಬಂಡೆ ಜಾರದ ಶೂ ಹಾಕಿ. ಬೇಸಿಗೆಯಲ್ಲಿ ಬಂಡೆ ಹೆಂಚಿನಂತೆ ಕಾಯುತ್ತೆ, ಏಪ್ರಿಲ್-ಮೇ ತಿಂಗಳಲ್ಲಿ ಈ ಪ್ಲಾನ್ ಬೇಡ. ಹಿರಿಯರು ಕೆಳಗೆ ನೆರಳಲ್ಲಿ ಕೂತಿರಲಿ. ಬಸ್ಸಲ್ಲಿ ಬಂದವರು ಒಂದೇ ದಿನದಲ್ಲಿ ಮೂರೂ ಜಾಗ ಮಾಡೋಕೆ ಹೋಗಬೇಡಿ. ಪೋಚಂಪಲ್ಲಿ ಒಂದೇ ಸಾಕು.

ಕೊನೆಗೆ ಒಂದು ಮೆಸೇಜು

ಮೂರನೇ ವರ್ಷ ಗ್ರೂಪಿಗೆ ಮೆಸೇಜ್ ಹಾಕಿದ್ದು ನಾನು. ಯಾರ್ಯಾರು ಬರ್ತೀರಿ ಅಂತ ಮೊದಲು ಕೇಳಲಿಲ್ಲ. ಜಾಗ, ಹೊರಡೋ ಟೈಮು, ಮತ್ತು ತಲೆಗೆ ಎಷ್ಟು ಬೀಳುತ್ತೆ ಅನ್ನೋದನ್ನ ಮೊದಲು ಬರೆದೆ. ಒಳಗೆ ಹೋಗೋ ಪ್ಲಾನ್ ಇಲ್ಲ ಅಂತಲೂ ಬರೆದೆ. ಇಬ್ಬರು "ರಾಮೋಜಿ ತನಕ ಹೋಗಿ ಒಳಗ ಹೋಗಲಾರದೆ ಬರೋದಾ?" ಅಂತ ನಕ್ಕರು. ಐದು ನಿಮಿಷಕ್ಕೆ ಮೊದಲ "ನಾ ಬರ್ತೀನಿ" ಬಂತು. ಯಾರದು ಅಂತ ನಿಮಗೆ ಗೊತ್ತಾಗಿರಬೇಕು.

ಅವನು ಪೋಚಂಪಲ್ಲಿಯಲ್ಲಿ ಅವ್ವನಿಗೆ ಅಂತ ಒಂದು ದುಪಟ್ಟಾ ತಗೊಂಡ. ವಾಪಸ್ ಬರುವಾಗ ಜಹೀರಾಬಾದ್ ತನಕ ಅದನ್ನ ಬಿಚ್ಚಿ ಎರಡೂ ಬದಿ ನಮಗೆ ತೋರಿಸ್ತಾನೇ ಇದ್ದ.

ಹಾಗಾಗಿ ಮುಂದಿನ ಸಲ ನೀವು ಪ್ಲಾನ್ ಹಾಕುವಾಗ ಜನರ ಲೆಕ್ಕ ಆಮೇಲೆ ಇರಲಿ, ರೊಕ್ಕದ ಲೆಕ್ಕ ಮೊದಲು ಹೇಳಿ. ಎಷ್ಟು ಬೀಳುತ್ತೆ ಅಂತ ಮೊದಲೇ ಗೊತ್ತಿದ್ದರೆ ಯಾರಿಗೂ ಸುಳ್ಳು ಜ್ವರ ಬರೋದಿಲ್ಲ.

ಇವತ್ತಿಗೆ ಇಷ್ಟು. ಈ ಎಪಿಸೋಡನ್ನ ನಿಮ್ಮ ಟ್ರಿಪ್ ಗ್ರೂಪಿಗೆ ಕಳಿಸಿ. ಮುಂದಿನ ವಾರ ಸಿಗೋಣ, ಬರ್ತೀನ್ರಿ.