ಬಚ್ಚಲ ಮೂಲೆಯ ಬಾಟಲಿಗಳು: ಅಪಾಯ ಅರಿಯಿರಿ, ಬದಲಿ ಬಳಸಿರಿ

ಮನೆ ಹಾಗೂ ಕೊಟ್ಟಿಗೆ ಶುಚಿಯಾಗಿದ್ದರೆ ಅನೇಕ ಕಾಯಿಲೆಗಳು ದೂರ ಉಳಿಯುತ್ತವೆ ಎಂಬುದನ್ನು ರೈತ ಬಾಂಧವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಹಿಂದೆ ಬೂದಿ, ಸೀಗೆಪುಡಿ, ಹುಣಸೆಹಣ್ಣು, ಸುಣ್ಣ ಇಷ್ಟರಲ್ಲೇ ಮುಗಿಯುತ್ತಿದ್ದ ಕೆಲಸಕ್ಕೆ ಇಂದು ಆಸಿಡ್, ಫಿನಾಯಿಲ್, ಬ್ಲೀಚಿಂಗ್ ಪುಡಿ, ಕಾಸ್ಟಿಕ್ ಸೋಡಾ ಮುಂತಾದವು ಬಳಕೆಗೆ ಬಂದಿವೆ. ಬೆಳೆಗೆ ಸಿಂಪಡಿಸುವ ಔಷಧಿಯನ್ನು ನೀವು ಎಚ್ಚರಿಕೆಯಿಂದ ಎತ್ತರದಲ್ಲಿ ಇಡುತ್ತೀರಿ. ಮುಟ್ಟಿದ ಮೇಲೆ ಕೈ ತೊಳೆಯುತ್ತೀರಿ. ಆದರೆ ಬಚ್ಚಲ ಮೂಲೆಯಲ್ಲಿ ಮಕ್ಕಳ ಕೈಗೆ ಎಟಕುವಂತಿರುವ ಬಾಟಲಿಯೂ ಅಷ್ಟೇ ಅಪಾಯಕಾರಿ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಈ ವಸ್ತುಗಳೆಲ್ಲವೂ ಬೇಡವೆಂದಲ್ಲ. ಮನೆಯ ಹೆಚ್ಚಿನ ಕೆಲಸಕ್ಕೆ ಇವುಗಳ ಅಗತ್ಯವಿಲ್ಲ. ಅಗತ್ಯವಿದ್ದಲ್ಲಿ ಒಂದನ್ನೇ, ಹೇಳಿದ ಪ್ರಮಾಣದಲ್ಲೇ ಬಳಸತಕ್ಕದ್ದು.

ಎರಡು ಬೆರೆತರೆ ವಿಷಗಾಳಿ

ಪಾಯಿಖಾನೆಯ ಕಲೆ ಹೋಗಲೆಂದು ಮೊದಲು ಆಸಿಡ್ ಸುರಿದು, ಅದರ ಮೇಲೆ ಬ್ಲೀಚಿಂಗ್ ಪುಡಿ ಉದುರಿಸುವವರಿದ್ದಾರೆ. ಎರಡು ಸೇರಿದರೆ ಇಮ್ಮಡಿ ಶುಚಿಯಾಗುವುದೆಂಬುದು ತಪ್ಪು ತಿಳುವಳಿಕೆ. ಇವು ಬೆರೆತ ಕೂಡಲೇ ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಬಳಿ ಜರ್ಮನ್ ಸೈನ್ಯವು ಶತ್ರುಗಳ ಮೇಲೆ ಬಿಟ್ಟದ್ದು ಇದೇ ಅನಿಲ. ಇದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ್ದರಿಂದ ನೆಲದ ಹತ್ತಿರವೇ ನಿಲ್ಲುತ್ತದೆ. ಕಿಟಕಿಯಿಲ್ಲದ ಇಕ್ಕಟ್ಟಾದ ಕೋಣೆಯಲ್ಲಿ ಕುಳಿತು ತಿಕ್ಕುವವರ ಮೂಗಿಗೆ ಮೊದಲು ತಗಲುತ್ತದೆ. ಕಣ್ಣುರಿ, ಕೆಮ್ಮು, ಎದೆ ಬಿಗಿತ ಉಂಟಾಗಿ, ಹೆಚ್ಚು ಸೇವಿಸಿದಲ್ಲಿ ಪ್ರಾಣಕ್ಕೂ ಅಪಾಯವಿದೆ.

ಕೊಟ್ಟಿಗೆಯಲ್ಲೂ ಇಂಥದೇ ಅಪಾಯವಿದೆ. ಗಂಜಲ ನಿಂತು ಘಾಟು ವಾಸನೆ ಬರುವ ನೆಲದಲ್ಲಿ ಅಮೋನಿಯಾ ಇರುತ್ತದೆ. ಅದರ ಮೇಲೆ ಬ್ಲೀಚಿಂಗ್ ಪುಡಿ ಬಿದ್ದರೆ ಕ್ಲೋರಮೈನ್ ಎಂಬ ಉಸಿರುಗಟ್ಟಿಸುವ ಆವಿ ಏಳುತ್ತದೆ. ಆದ್ದರಿಂದ ದನಕರುಗಳನ್ನು ಹೊರಗೆ ಕಟ್ಟಿ, ಸಗಣಿ ಗಂಜಲವನ್ನು ಸಂಪೂರ್ಣವಾಗಿ ತೊಳೆದು, ಆ ಬಳಿಕವೇ ಬ್ಲೀಚಿಂಗ್ ಪುಡಿಯನ್ನು ಬಳಸಿರಿ.

ಯಾವುದರಿಂದ ಯಾವ ಹಾನಿ?

ಆಸಿಡ್: ಚರ್ಮ ಹಾಗೂ ಕಣ್ಣನ್ನು ಸುಡುತ್ತದೆ. ಸಿಮೆಂಟ್ ನೆಲವನ್ನೂ ತಿನ್ನುತ್ತದೆ. ಆದ್ದರಿಂದ ಪದೇ ಪದೇ ಬಳಸಿದಷ್ಟೂ ನೆಲ ಒರಟಾಗಿ ಕೊಳೆ ಹೆಚ್ಚು ಹಿಡಿಯುತ್ತದೆ. 2013ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶದಂತೆ 18 ವರ್ಷದೊಳಗಿನವರಿಗೆ ಆಸಿಡ್ ಮಾರುವಂತಿಲ್ಲ. ಕೊಳ್ಳುವವರ ಗುರುತಿನ ಚೀಟಿ ನೋಡಿ, ವಿಳಾಸ ಬರೆದುಕೊಳ್ಳಬೇಕು. ಆಸಿಡ್ ತರಲು ಮಕ್ಕಳನ್ನು ಅಂಗಡಿಗೆ ಕಳುಹಿಸಲೇಬೇಡಿ.

ಕಾಸ್ಟಿಕ್ ಸೋಡಾ: ಕಟ್ಟಿದ ಕೊಳವೆಗೆ ಹಾಕುವ ಈ ವಸ್ತು ನೀರಿನೊಡನೆ ಸೇರಿದಾಗ ವಿಪರೀತ ಶಾಖ ಹುಟ್ಟುತ್ತದೆ. ನುಂಗಿದರೆ ಅನ್ನನಾಳವೇ ಸುಟ್ಟುಹೋಗುತ್ತದೆ.

ಫಿನಾಯಿಲ್: ನೀರು ಬೆರೆಸದ ಫಿನಾಯಿಲ್ ಚರ್ಮವನ್ನು ಸುಡಬಲ್ಲದು. ನೀರು ಬೆರೆತಾಗ ಹಾಲಿನಂತೆ ಬೆಳ್ಳಗಾಗುವುದರಿಂದ ಮಕ್ಕಳು ಮೋಸಹೋಗುವ ಸಂಭವವಿದೆ. ಹಾಲು ವಾಸನೆಯನ್ನು ಬೇಗ ಹೀರಿಕೊಳ್ಳುವುದರಿಂದ ಹಾಲು ಕರೆಯುವ ಮುಂಚೆ ಕೊಟ್ಟಿಗೆಗೆ ಇದನ್ನು ಹಾಕಬಾರದು.

ನುಸಿ ಗುಳಿಗೆ (ನಾಫ್ತಲಿನ್): ಕೆಲವು ಶಿಶುಗಳ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಬಗೆಯ ಕೊರತೆಯಿರುತ್ತದೆ. ಗುಳಿಗೆಯೊಡನೆ ಇಟ್ಟ ಬಟ್ಟೆ ತೊಡಿಸಿದರೆ ಅಂಥ ಕೂಸಿನ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಬರಬಹುದು. ಮಗುವಿನ ಬಟ್ಟೆ, ಹಾಸಿಗೆಗಳ ನಡುವೆ ಗುಳಿಗೆ ಇಡಬೇಡಿ.

ಮನೆಯಲ್ಲೇ ದೊರೆಯುವ ಬದಲಿಗಳು

1. ಹಿತ್ತಾಳೆ, ತಾಮ್ರದ ಪಾತ್ರೆಗೆ ಹುಣಸೆಹಣ್ಣು ಮತ್ತು ಉಪ್ಪು ಸಾಕು. ಹುಳಿಯಲ್ಲಿರುವ ಆಮ್ಲವೇ ಕಿಲುಬನ್ನು ಕರಗಿಸುತ್ತದೆ.

2. ಕೊಳವೆ ಬಾವಿಯ ಗಡಸು ನೀರಿನಿಂದ ಬಕೆಟ್, ನಲ್ಲಿಗಳ ಮೇಲೆ ಕೂರುವ ಬಿಳಿ ಕಲೆಗೆ ನಿಂಬೆರಸ ಅಥವಾ ನೀರಿನಲ್ಲಿ ಕರಗಿಸಿದ ನಿಂಬೆ ಉಪ್ಪನ್ನು ಸವರಿ, ಅರ್ಧ ಗಂಟೆ ಬಿಟ್ಟು ತಿಕ್ಕಿರಿ. ಇದೂ ಆಮ್ಲವೇ ಆದುದರಿಂದ ಬ್ಲೀಚಿಂಗ್ ಪುಡಿಯೊಡನೆ ಸೇರಿಸಬಾರದು.

3. ಸ್ಟೀಲಿನ ಹಾಲಿನ ಕ್ಯಾನನ್ನು ಹಾಲು ಖಾಲಿಯಾದ ಕೂಡಲೇ ತಣ್ಣೀರಿನಿಂದ ಗಲಬರಿಸಿ, ಲೀಟರಿಗೆ 10 ಗ್ರಾಂ ವಾಷಿಂಗ್ ಸೋಡಾ ಕರಗಿಸಿದ ಬಿಸಿನೀರಿನಲ್ಲಿ ಬ್ರಷ್‌ನಿಂದ ಉಜ್ಜಿರಿ. ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು ಬಿಸಿಲಿಗೆ ಬೋರಲು ಹಾಕಿರಿ. ಅಲ್ಯೂಮಿನಿಯಂ ಕ್ಯಾನನ್ನು ಸೋಡಾ ತಿನ್ನುವುದರಿಂದ ಅದಕ್ಕೆ ಪಾತ್ರೆ ತೊಳೆಯುವ ಸೌಮ್ಯ ಸಾಬೂನು ಮಾತ್ರ ಸೂಕ್ತ.

4. ನೆಲ ಒರೆಸಲು, ಬಟ್ಟೆ ಒಗೆಯಲು ಅಂಟುವಾಳದ ನೀರು ಉಪಯುಕ್ತ. ಬೀಜ ತೆಗೆದ 10-15 ಕಾಯಿಗಳನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಾಲು ಗಂಟೆ ಕುದಿಸಿ, ಹಿಸುಕಿ ಸೋಸಿರಿ. ಎರಡು ಮೂರು ದಿನಗಳಲ್ಲಿ ಬಳಸಿ ಮುಗಿಸಿರಿ. ಗಿಡಮೂಲದ ವಸ್ತುವೆಂದು ಉದಾಸೀನ ಬೇಡ: ಕಣ್ಣಿಗೆ ಬಿದ್ದರೆ ಉರಿ ಬರುತ್ತದೆ, ಮೀನು ಸಾಕುವ ಹೊಂಡಕ್ಕೆ ಸೇರಿದರೆ ಮೀನು ಸಾಯುತ್ತವೆ.

5. ಬಟ್ಟೆ ಪೆಟ್ಟಿಗೆಗೆ ನುಸಿ ಗುಳಿಗೆಯ ಬದಲು ಚೆನ್ನಾಗಿ ಒಣಗಿಸಿದ ಬೇವಿನೆಲೆ ಇಟ್ಟು, ಆಗಾಗ ಬಟ್ಟೆಗಳನ್ನು ಬಿಸಿಲಿಗೆ ಹಾಕಿರಿ.

ಪ್ರಬಲ ವಸ್ತು ಬಳಸಲೇಬೇಕಾದಾಗ

ಮನೆಯಲ್ಲಿ ವಾಂತಿಭೇದಿಯಾದಾಗ ಅಥವಾ ಕೊಟ್ಟಿಗೆಯಲ್ಲಿ ಸಾಂಕ್ರಾಮಿಕ ರೋಗ ಕಂಡಾಗ ಬರಿಯ ಸಾಬೂನು ಸಾಲದು. ಕ್ರಿಮಿನಾಶಕ ಬೇಕೇ ಬೇಕು. ಆಗ ಆರೋಗ್ಯ ಕಾರ್ಯಕರ್ತರು ಅಥವಾ ಪಶುವೈದ್ಯರು ತಿಳಿಸಿದ ಪ್ರಮಾಣದಲ್ಲೇ ಬಳಸಿರಿ. ಬಾಗಿಲು ಕಿಟಕಿ ತೆರೆದಿರಲಿ, ಕೈಗೆ ರಬ್ಬರ್ ಗವಸು ಇರಲಿ. ಕಾಸ್ಟಿಕ್ ಸೋಡಾವನ್ನು ತಣ್ಣೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು. ಶೌಚಗುಂಡಿಗೂ ಗೋಬರ್ ಗ್ಯಾಸ್ ಗುಂಡಿಗೂ ಇವು ಹೆಚ್ಚಾಗಿ ಸೇರಿದರೆ ಕೊಳೆಯಿಸುವ ಜೀವಾಣುಗಳು ಸತ್ತು ಗುಂಡಿ ಕೆಡುತ್ತದೆ ಎಂಬುದೂ ನೆನಪಿರಲಿ.

ಎಲ್ಲಕ್ಕಿಂತ ಮುಖ್ಯವಾದ ಮಾತು: ತಂಪು ಪಾನೀಯದ ಅಥವಾ ಕುಡಿಯುವ ನೀರಿನ ಖಾಲಿ ಬಾಟಲಿಗೆ ಇವನ್ನು ತುಂಬಿಡಲೇಬಾರದು. ಬಾಯಾರಿ ಬಂದ ಮಗುವಿಗೆ ಬಾಟಲಿಯ ಗುರುತಷ್ಟೇ ತಿಳಿಯುತ್ತದೆ, ಒಳಗಿರುವುದು ತಿಳಿಯುವುದಿಲ್ಲ. ಚೀಟಿ ಅಂಟಿಸಿದ ಮೂಲ ಡಬ್ಬಿಯಲ್ಲೇ, ಅಡಿಗೆ ಸಾಮಾನಿನಿಂದ ದೂರವಾಗಿ, ಬೀಗ ಹಾಕಿದ ಗೂಡಿನಲ್ಲಿಡಿ.

ಅಪಘಾತವಾದರೆ

ಕಣ್ಣಿಗೆ ಅಥವಾ ಮೈಗೆ ಬಿದ್ದರೆ ಹರಿಯುವ ತಣ್ಣೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ. ಎಣ್ಣೆ, ಅರಿಸಿನ ಹಚ್ಚಬೇಡಿ. ವಿಷಗಾಳಿ ತಗಲಿದವರನ್ನು ಕೂಡಲೇ ಬಯಲಿಗೆ ಕರೆತನ್ನಿರಿ. ಆದರೆ ಗಾಳಿ ತುಂಬಿದ ಕೋಣೆಯೊಳಗೆ ಹೆಚ್ಚು ಹೊತ್ತು ನಿಲ್ಲಬೇಡಿ.

ನುಂಗಿದವರಿಗೆ ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸುವ ರೂಢಿ ಹಲವೆಡೆ ಇದೆ. ಹೀಗೆ ಮಾಡಲೇಬಾರದು. ಆಸಿಡ್, ಕಾಸ್ಟಿಕ್ ಸೋಡಾಗಳು ಇಳಿಯುವಾಗ ಸುಟ್ಟ ಗಂಟಲನ್ನು ಏರುವಾಗ ಮತ್ತೊಮ್ಮೆ ಸುಡುತ್ತವೆ. ಫಿನಾಯಿಲ್, ಸೀಮೆಎಣ್ಣೆಗಳು ವಾಂತಿಯ ಸಮಯದಲ್ಲಿ ಶ್ವಾಸಕೋಶಕ್ಕೆ ಇಳಿಯುತ್ತವೆ. ಬಾಯಿ ಮುಕ್ಕಳಿಸಿ, 108ಕ್ಕೆ ಕರೆ ಮಾಡಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಟಲಿಯನ್ನೂ ಜೊತೆಯಲ್ಲಿ ಒಯ್ದರೆ ವೈದ್ಯರಿಗೆ ಚಿಕಿತ್ಸೆ ನೀಡುವುದು ಸುಲಭವಾಗುತ್ತದೆ.

ಈ ಲೇಖನವನ್ನು ಓದಿ ಮುಗಿಸಿದ ಮೇಲೆ ಒಮ್ಮೆ ನಿಮ್ಮ ಬಚ್ಚಲು, ಹಿತ್ತಿಲು, ಕೊಟ್ಟಿಗೆಗಳನ್ನು ಸುತ್ತಿ ಬನ್ನಿರಿ. ಚೀಟಿಯಿಲ್ಲದ ಬಾಟಲಿ ಕಂಡರೆ ಇಂದೇ ಅಲ್ಲಿಂದ ತೆಗೆಯಿರಿ. ಮನೆ ತೊಳೆಯುವ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿಗೆ ಬರುವುದರಿಂದ, ಮೇಲಿನ ವಿಷಯಗಳನ್ನು ಅವರಿಗೂ ಓದಿ ಹೇಳಿರಿ.