ಹಳೇ ಮಾರುತಿಗೆ ಹೊಸ ಸ್ಪ್ರಿಂಗು

ಯಾವುದೇ ತಾಲ್ಲೂಕು ಊರಿನ ಪೇಟೆಬೀದಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಇವತ್ತಿಗೂ ಒಂದಾದರೂ ಮಾರುತಿ 800 ಕಣ್ಣಿಗೆ ಬೀಳುತ್ತದೆ. ಡಿಕ್ಕಿಯಲ್ಲಿ ಗೊಬ್ಬರದ ಚೀಲ ಹೇರಿಕೊಂಡದ್ದು, ತಲೆಯ ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡು ಹೊತ್ತದ್ದು, ನಿವೃತ್ತ ಮೇಷ್ಟ್ರೊಬ್ಬರು ಭಾನುವಾರಕ್ಕೊಮ್ಮೆ ತೊಳೆದು ದೇವಸ್ಥಾನಕ್ಕೆ ತರುವಂಥದ್ದು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿಕೈಯನ್ನು ಅದರ ಮಾಲೀಕರ ಕೈಗಿತ್ತರು. 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಈ ಮೂವತ್ತು ವರ್ಷಗಳಲ್ಲಿ ದೇಶದೊಳಗೇ 25 ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾದವು. ಕೊನೆಯ ಕಂತಿನ ಕಾರುಗಳಿಗೂ ಈಗ ಹತ್ತು ವರ್ಷ ದಾಟಿದೆ.

ಇವುಗಳ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್ ಸುಲಭಕ್ಕೆ ಸೋಲುವಂಥದ್ದಲ್ಲ. ಆಯಿಲ್ ಬದಲಿಸಿಕೊಂಡು ಬಂದರೆ ಲಕ್ಷಾಂತರ ಕಿಲೋಮೀಟರು ಓಡುತ್ತದೆ. ಆದರೂ ಒಂದು ಹಂತದಲ್ಲಿ ಮನೆಯವರೆಲ್ಲ ಸೇರಿ ತೀರ್ಪು ಕೊಡುತ್ತಾರೆ: ‘ಕಾರಿಗೆ ವಯಸ್ಸಾಯ್ತು. ಹಳ್ಳಕ್ಕಿಳಿದರೆ ಬೆನ್ನು ಮುರಿಯುತ್ತೆ, ಹಂಪ್ಸ್ ಹತ್ತಿದರೆ ತಳ ಬಡಿಯುತ್ತೆ, ಮಾರಿಬಿಡೋಣ.’ ಆ ಮಾತು ಕೇಳಿದಾಗೆಲ್ಲ ನನಗೆ ಅನ್ನಿಸುವುದು ಒಂದೇ. ವಯಸ್ಸಾದದ್ದು ಕಾರಿಗಲ್ಲ, ಅದರ ನಾಲ್ಕು ಸ್ಪ್ರಿಂಗು, ನಾಲ್ಕು ಶಾಕ್ ಅಬ್ಸಾರ್ಬರು ಮತ್ತು ಒಂದು ಬೊಗಸೆ ರಬ್ಬರಿಗೆ. ಇವನ್ನು ಬದಲಿಸಿ ಕಾರಿಗೆ ಮತ್ತೆ ಜೀವ ಕೊಡುವ ಕೈಗಳು ನಮ್ಮ ಊರುಗಳಲ್ಲೇ ಇವೆ. ಈ ಲೇಖನ ಆ ಕೈಕೆಲಸದ ಬಗ್ಗೆ.

ಈ ಕಸುಬಿನ ಮೂಲ ಕಮ್ಮಾರಿಕೆಯಲ್ಲಿದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಹಿಂದುಗಡೆ ಇದ್ದದ್ದು ಪಟ್ಟಿ ಸ್ಪ್ರಿಂಗು. ಭಾರ ಹೊತ್ತು ಹೊತ್ತು ಪಟ್ಟಿಗಳು ಚಪ್ಪಟೆಯಾದರೆ ಕಟ್ಟು ಬಿಚ್ಚಿ, ಒಂದೊಂದೇ ಪಟ್ಟಿಯನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಬಾಗು ಎಬ್ಬಿಸುತ್ತಿದ್ದರು. ಒಂದು ಪಟ್ಟಿ ಮುರಿದಿದ್ದರೆ ಅದೊಂದನ್ನೇ ಹೊಸದು ಹಾಕಿದರೆ ಆಯಿತು. ಲಾರಿ ನಿಲ್ಲುವ ಹೆದ್ದಾರಿ ಬದಿಗಳಲ್ಲಿ ಈ ಕೆಲಸ ಈಗಲೂ ನಡೆಯುತ್ತದೆ. ಸಣ್ಣ ಕಾರುಗಳಿಗೆ ಸುರುಳಿ ಸ್ಪ್ರಿಂಗು ಬಂದ ಮೇಲೆ ಸುತ್ತಿಗೆಗೆ ಅಲ್ಲಿ ಕೆಲಸವಿಲ್ಲದಾಯಿತು. ಸುರುಳಿಯನ್ನು ಬಡಿದು ಸರಿಮಾಡಲು ಆಗದು, ಬದಲಿಸಬೇಕು. ಬದಲಿಸುವುದರಲ್ಲಿ ಏನು ಮಹಾ ಕಸುಬು ಎಂದು ಕೇಳುವವರಿದ್ದಾರೆ. ಏನನ್ನು ಬದಲಿಸಬೇಕು ಎಂದು ಕಂಡುಹಿಡಿಯುವುದರಲ್ಲೇ ಅರ್ಧ ಕಸುಬಿದೆ. ಉಳಿದರ್ಧ, ಅದುಮಿಟ್ಟ ಸ್ಪ್ರಿಂಗಿನ ಹತ್ತಿರ ಕೈಯಾಡಿಸುವ ಎಚ್ಚರದಲ್ಲಿದೆ.

ಸ್ಪ್ರಿಂಗು ಮತ್ತು ಶಾಕ್ ಎರಡೂ ಒಂದೇ ಎಂದು ತಿಳಿದವರು ಬಹಳ. ಕಾರಿನ ಭಾರ ಹೊರುವುದು ಸ್ಪ್ರಿಂಗು. ಚಕ್ರ ಗುಂಡಿಗೆ ಬಿದ್ದಾಗ ಪೆಟ್ಟನ್ನು ಮೊದಲು ನುಂಗುವುದೂ ಅದೇ. ಆದರೆ ನುಂಗಿದ್ದನ್ನು ಅದು ಒಳಗಿಟ್ಟುಕೊಳ್ಳುವುದಿಲ್ಲ, ಹಾಗೇ ವಾಪಸು ಕೊಡುತ್ತದೆ. ಬರೀ ಸ್ಪ್ರಿಂಗಿನ ಮೇಲೆ ಕೂತ ಕಾರು ಒಂದು ಗುಂಡಿ ದಾಟಿದ ಮೇಲೆ ಮುಂದಿನ ಗುಂಡಿಯವರೆಗೂ ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ಹಿಡಿದು ನಿಲ್ಲಿಸುವುದು ಶಾಕ್. ಅದರ ಕೊಳವೆಯೊಳಗೆ ಎಣ್ಣೆ ತುಂಬಿರುತ್ತದೆ. ರಾಡಿನ ತುದಿಯ ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಎಣ್ಣೆ ಸಣ್ಣ ಸಣ್ಣ ಕಂಡಿಗಳಲ್ಲಿ ನುಸುಳಬೇಕು. ಹೋಳಿಯ ಪಿಚಕಾರಿಯನ್ನು ಮೆಲ್ಲಗೆ ಒತ್ತಿದರೆ ಸಲೀಸು, ಜೋರಾಗಿ ಒತ್ತಿದರೆ ಕೈಗೆ ಎದುರು ಒತ್ತುತ್ತದಲ್ಲ, ಹಾಗೆಯೇ ಇದೂ. ಕುಣಿತದ ಶಕ್ತಿಯೆಲ್ಲ ಎಣ್ಣೆಯಲ್ಲಿ ಬಿಸಿಯಾಗಿ ಕರಗಿಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಓಡಿಸಿ ತಂದ ಕಾರಿನ ಶಾಕ್‌ಗಳನ್ನು ಹಳೆಯ ಮೇಸ್ತ್ರಿಗಳು ಒಂದೊಂದಾಗಿ ಮುಟ್ಟಿ ನೋಡುವುದು ಇದಕ್ಕೇ. ಬೆಚ್ಚಗಿದ್ದದ್ದು ದುಡಿದಿದೆ. ತಣ್ಣಗಿದ್ದದ್ದು ಸತ್ತಿದೆ.

ಶಾಕ್ ತಯಾರಕರ ಲೆಕ್ಕದಲ್ಲಿ ಒಂದು ಕಿಲೋಮೀಟರಿಗೆ ಸಾಧಾರಣ ಸಾವಿರ ಸಲ ಅದು ಆಡುತ್ತದೆ. 80,000 ಕಿಲೋಮೀಟರು ಆಗುವ ಹೊತ್ತಿಗೆ ಎಂಟು ಕೋಟಿ ಸಲ. ಅಷ್ಟು ಹೊತ್ತಿಗೆ ಸೀಲು ಸವೆದು ಎಣ್ಣೆ ಜಿನುಗದಿದ್ದರೇ ಆಶ್ಚರ್ಯ. ಸ್ಪ್ರಿಂಗಿನ ಸವೆತ ಬೇರೆ ಬಗೆಯದು. 800ರ ಸ್ವಂತ ತೂಕ ಸುಮಾರು 650 ಕಿಲೋ. ಐದು ಜನ, ಅವರ ಸಾಮಾನು ಎಂದರೆ ಅದರ ಅರ್ಧಕ್ಕಿಂತ ಹೆಚ್ಚು ತೂಕ ಮೇಲೆ ಕೂತಂತೆ. ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರು ಹಾಕಿಸಿದ ಕಾರುಗಳಂತೂ ಖಾಲಿ ಇದ್ದಾಗಲೂ ಬೆನ್ನು ಬಗ್ಗಿಸಿಕೊಂಡೇ ನಿಂತಿರುತ್ತವೆ. ಕರಾವಳಿಯಲ್ಲಿ ಇನ್ನೊಂದು ಕಾಟವಿದೆ. ಉಪ್ಪುಗಾಳಿ, ಮಳೆ, ಕೆಸರು ಸೇರಿ ಸುರುಳಿಯ ಕೆಳತುದಿಯ ಬಣ್ಣ ಕಿತ್ತು, ಅಲ್ಲಿಂದ ತುಕ್ಕು ಹತ್ತಿ, ಒಂದು ದಿನ ಕೊನೆಯ ಸುತ್ತು ಟಣ್ ಎಂದು ಮುರಿಯುತ್ತದೆ. ಮುರಿದ ತುಂಡು ಸ್ಪ್ರಿಂಗು ಕೂರುವ ಬಟ್ಟಲಲ್ಲೇ ಉಳಿದಿರುವುದರಿಂದ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ.

ಹಂಪ್ಸ್‌ಗಳ ಪಾಲೂ ಈ ಸವೆತದಲ್ಲಿ ದೊಡ್ಡದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯ ಪ್ರಕಾರ ಹಂಪ್ಸ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಗಂಟೆಗೆ 25 ಕಿಲೋಮೀಟರಿನಲ್ಲಿ ಬಂದ ಗಾಡಿ ಏರಿ ಇಳಿಯುವಷ್ಟು ಹದ. ನಮ್ಮ ಊರುಗಳ ಬಾಗಿಲಲ್ಲಿರುವ ಹಂಪ್ಸ್‌ಗಳಲ್ಲಿ ಎತ್ತರ ಮಾತ್ರ ಧಾರಾಳ, ಅಗಲ ಒಂದು ಮಾರೂ ಇಲ್ಲ. 12 ಇಂಚಿನ ಪುಟ್ಟ ಚಕ್ರದ ಕಾರಿಗೆ ಅದು ಪ್ರತಿದಿನದ ಶಿಕ್ಷೆ.

ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳೆಂದರೆ ಇಂಥ ಕಾರಿನವರಿಗೆಲ್ಲ ತಿಳಿದ ಜಾಗ. ಹಳೆಯ ಮಾದರಿಯ ಸ್ಪ್ರಿಂಗು, ಶಾಕ್, ರಬ್ಬರ್ ಬುಶ್ಶು ಹುಡುಕಿಕೊಂಡು ಹಾಸನ, ಚಿತ್ರದುರ್ಗಗಳಿಂದಲೂ ಜನ ಅಲ್ಲಿಗೆ ಬರುತ್ತಾರೆ. 1961ರಲ್ಲಿ ಶುರುವಾದ ಗೇಬ್ರಿಯಲ್‌ನಂಥ ಕಂಪನಿಗಳು ಇಲ್ಲೇ ಶಾಕ್ ತಯಾರಿಸುತ್ತ ಬಂದದ್ದರಿಂದ ಕಾರು ನಿಂತುಹೋದರೂ ಬಿಡಿಭಾಗ ನಿಂತಿಲ್ಲ. ಕೆಲಸದ ಜಾಗಗಳು ಮಾತ್ರ ಊರೂರಿಗೂ ಇವೆ: ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಗೆ ಸಾಲಾಗಿ ಹೊಡೆದ ಮೊಳೆಗಳಲ್ಲಿ ಸ್ಪ್ಯಾನರುಗಳು.

ಅಂಥ ಒಂದು ಗ್ಯಾರೇಜಿನಲ್ಲಿ, ಕಪ್ಪು ಕೈಗಳ ಹಿರಿಯ ಮೇಸ್ತ್ರಿಯೊಬ್ಬರು ಕಾರು ಪರೀಕ್ಷಿಸುವುದನ್ನು ನಾನು ಗಮನವಿಟ್ಟು ನೋಡಿದ್ದೇನೆ. ಜಾಕಿಗೆ ಅವರು ಕೈಹಾಕಿದ್ದು ಎಲ್ಲಕ್ಕಿಂತ ಕೊನೆಗೆ. ಮೊದಲು ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದರು. ಎಡಕ್ಕೂ ಬಲಕ್ಕೂ ಅಳತೆ ತಾಳೆಯಾಗಲಿಲ್ಲ. ‘ಡ್ರೈವರ್ ಸೈಡ್ ಕೂತಿದೆ ಸಾರ್, ಸ್ಪ್ರಿಂಗ್ ಹೋಗಿದೆ’ ಎಂದರು. ಆಮೇಲೆ ಒಂದೊಂದು ಮೂಲೆಯನ್ನೂ ಮೈಭಾರ ಹಾಕಿ ಅದುಮಿ ಕೈಬಿಟ್ಟರು. ಒಂದು ಸಲ ಎದ್ದು ನಿಂತರೆ ಶಾಕ್ ಸರಿ, ಎರಡು ಮೂರು ಸಲ ತೂಗಿದರೆ ಮುಗಿದಿದೆ. ಬಳಿಕ ಟೈರಿನ ಮೇಲೆ ಅಂಗೈ ಆಡಿಸಿದರು, ಕಣ್ಣು ಬೇರೆಲ್ಲೋ ನೋಡುತ್ತಿತ್ತು. ಶಾಕ್ ಸತ್ತ ಚಕ್ರ ರಸ್ತೆಯ ಮೇಲೆ ಕುಪ್ಪಳಿಸುತ್ತ ಓಡುವುದರಿಂದ ಟೈರು ಅಲ್ಲಲ್ಲಿ ತಗ್ಗು ಬಿದ್ದು ಸವೆಯುತ್ತದೆ. ಕಣ್ಣಿಗೆ ಕಾಣದ ತಗ್ಗು ಅಂಗೈಗೆ ಸಿಗುತ್ತದೆ. ಅದಾದ ಮೇಲೆ ಕಿಟಕಿ ಇಳಿಸಿ, ನಿಧಾನ ವೇಗದಲ್ಲಿ ತಾವೇ ಒಂದು ಸುತ್ತು ಓಡಿಸಿ ಬಂದರು. ಓಡುವಾಗ ಕೇಳುತ್ತಿದ್ದ ಕಟಕಟ ಸದ್ದು ಶಾಕ್‌ನದಲ್ಲ, ಲೋವರ್ ಆರ್ಮ್ ಬುಶ್ಶಿನದು ಎಂದು ಹೇಳಿದ್ದು ಆ ಸುತ್ತಿನ ನಂತರ. ಕಂಪ್ಯೂಟರ್ ತಂತಿ ಚುಚ್ಚಿ ಓದುವ ಕಾಯಿಲೆಗಳಲ್ಲ ಇವು.

ಹಿಂದಿನ ಸ್ಪ್ರಿಂಗು ಬದಲಿಸುವುದು ಸುಲಭ. ಅಲ್ಲಿ ಶಾಕ್ ಬೇರೆ, ಸ್ಪ್ರಿಂಗು ಬೇರೆ. ಬಾಡಿಗೆ ಗಟ್ಟಿ ಸ್ಟ್ಯಾಂಡು ಕೊಟ್ಟು, ಆಕ್ಸಲ್ ಕೆಳಗೊಂದು ಜಾಕಿ ಹಿಡಿದು, ಶಾಕ್ ಬಿಚ್ಚಿ ಆಕ್ಸಲ್ಲನ್ನು ಮೆಲ್ಲಗೆ ಇಳಿಸಿದರೆ ಸ್ಪ್ರಿಂಗು ಕೈಗೆ ಬರುತ್ತದೆ. ಬ್ರೇಕಿನ ಹೋಸು ಎಳೆಯದಂತೆ ನೋಡಿಕೊಂಡರೆ ಸಾಕು.

ಮುಂದಿನದು ಹಾಗಲ್ಲ. ಅಲ್ಲಿರುವುದು ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಏರ್ಪಾಡು ಇದು. ಶಾಕ್‌ನ ಮೈಗೇ ಸ್ಪ್ರಿಂಗು ತೊಡಿಸಿ, ಮೇಲೊಂದು ಮೌಂಟು, ಅದರಡಿ ಬೇರಿಂಗು ಇಟ್ಟು, ನಡುವಿನ ಒಂದೇ ನಟ್ಟಿನಲ್ಲಿ ಎಲ್ಲವನ್ನೂ ಬಿಗಿದಿರುತ್ತಾರೆ. ಜಾಗ ಉಳಿಯುತ್ತದೆ, ಖರ್ಚು ಇಳಿಯುತ್ತದೆ. ಪ್ರಪಂಚದ ಸಣ್ಣ ಕಾರುಗಳಲ್ಲಿ ಬಹುಪಾಲು ಇದರ ಮೇಲೇ ನಿಂತಿವೆ. ಆದರೆ ಆ ನಡುವಿನ ನಟ್ಟಿನ ಹಿಂದೆ ಅದುಮಿಟ್ಟ ಸ್ಪ್ರಿಂಗಿನ ಪೂರ್ತಿ ಬಲ ಕಾಯುತ್ತಿರುತ್ತದೆ. ಸ್ಪ್ರಿಂಗನ್ನು ಕಂಪ್ರೆಸರಿನಲ್ಲಿ ಹಿಡಿಯದೆ ನಟ್ಟು ಬಿಚ್ಚಿದರೆ ಮೌಂಟು ಗುಂಡಿನಂತೆ ಸಿಡಿಯುತ್ತದೆ. ಕೈ ಹೋಗಬಹುದು, ಮುಖ ಹೋಗಬಹುದು, ಪ್ರಾಣವೂ ಹೋಗಬಹುದು. ಬಲ್ಲ ಮೇಸ್ತ್ರಿ ಕಂಪ್ರೆಸರಿನ ಎರಡು ಕೊಕ್ಕೆಗಳನ್ನು ಎದುರುಬದುರಾಗಿ ಹಾಕಿ, ಒಮ್ಮೆ ಇತ್ತ ಒಮ್ಮೆ ಅತ್ತ ಒಂದೇ ಸಮನೆ ಬಿಗಿಯುತ್ತ, ಸ್ಪ್ರಿಂಗು ಬಟ್ಟಲಿನಿಂದ ಸಡಿಲವಾದದ್ದನ್ನು ಬೆರಳಲ್ಲಿ ತಿರುಗಿಸಿ ಖಚಿತ ಮಾಡಿಕೊಂಡ ಮೇಲೆಯೇ ನಟ್ಟಿಗೆ ಸ್ಪ್ಯಾನರು ಕೊಡುತ್ತಾನೆ. ಅಷ್ಟು ಹೊತ್ತೂ ಸ್ಟ್ರಟ್‌ನ ತುದಿ ಯಾರ ಕಡೆಗೂ ಮುಖ ಮಾಡಿರುವುದಿಲ್ಲ. ಯೂಟ್ಯೂಬ್ ನೋಡಿ ಮನೆಯಂಗಳದಲ್ಲಿ ಈ ಕೆಲಸಕ್ಕೆ ಇಳಿಯುವ ಹುಡುಗರಿಗೆ ನಾನು ಕಳಕಳಿಯಿಂದ ಹೇಳುವುದು ಇಷ್ಟು: ಬೇಕಾದ್ದು ಬಿಚ್ಚಿ, ಆ ಒಂದು ನಟ್ಟು ಮಾತ್ರ ಬೇಡ.

ಹೊಸ ಶಾಕ್ ಪೆಟ್ಟಿಗೆಯಿಂದ ತೆಗೆದು ನೇರವಾಗಿ ಹಾಕುವಂತಿಲ್ಲ. ಅಂಗಡಿಯಲ್ಲಿ ಅಡ್ಡ ಮಲಗಿದ್ದ ಶಾಕ್‌ನೊಳಗೆ ಗಾಳಿ ಎಣ್ಣೆಯ ಜಾಗಕ್ಕೆ ಸೇರಿರುತ್ತದೆ. ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿದರೆ ಮೊದಮೊದಲು ಕೈಗೆ ಟೊಳ್ಳು ಅನ್ನಿಸುವುದು ಬರಬರುತ್ತ ಒಂದೇ ಸಮ ಬಿಗಿಯಾಗುತ್ತದೆ. ಹೊಳೆಯುವ ರಾಡನ್ನು ಪ್ಲೇಯರಿನಲ್ಲಿ ಹಿಡಿಯಬಾರದು. ಅಲ್ಲಿ ಬಿದ್ದ ಒಂದು ಗೀರು ಮುಂದೆ ಸೀಲನ್ನು ಹರಿಯುತ್ತದೆ. ಸ್ಪ್ರಿಂಗಿನ ತುದಿ ಬಟ್ಟಲಿನ ಮೆಟ್ಟಿಲಿಗೆ ಸರಿಯಾಗಿ ಕೂರಬೇಕು. ನಾನು ಬಹಳ ಮೆಚ್ಚುವ ಒಂದು ಶಿಸ್ತು ಕೊನೆಯ ಹಂತದ್ದು: ರಬ್ಬರ್ ಬುಶ್ಶುಗಳ ಬೋಲ್ಟನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗ ಬಿಗಿಯುವುದಿಲ್ಲ. ಕಾರನ್ನು ನೆಲಕ್ಕಿಳಿಸಿ, ಭಾರ ಕೂತ ಮೇಲೆ ಬಿಗಿಯುತ್ತಾರೆ. ಇಲ್ಲದಿದ್ದರೆ ಹೊಸ ರಬ್ಬರು ಹುಟ್ಟಿದ ದಿನದಿಂದಲೇ ತಿರುಚಿಕೊಂಡು ಬೇಗ ಹರಿಯುತ್ತದೆ. ಅವಸರದ ಗ್ಯಾರೇಜುಗಳು ಇದನ್ನು ಬಿಡುತ್ತವೆ.

ಇನ್ನು ಅಡ್ಡದಾರಿಗಳು. ಕೂತ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರಿನ ತುಂಡು ತುರುಕಿ ಎತ್ತರಿಸುವುದುಂಟು. ಅಷ್ಟು ಸುತ್ತು ಆಡದೆ ಉಳಿದ ಸುತ್ತುಗಳ ಮೇಲೆ ಭಾರ ಬೀಳುತ್ತದೆ, ಕಾರು ಇನ್ನಷ್ಟು ಬಡಿಯುತ್ತದೆ. ಗ್ಯಾಸಿನಲ್ಲಿ ಕಾಯಿಸಿ ಸುರುಳಿ ಎಳೆಯುವವರೂ ಇದ್ದಾರೆ. ಕಾದಲ್ಲಿ ಉಕ್ಕಿನ ಹದವೇ ಹೋಗಿ ಕೆಲವೇ ದಿನಗಳಲ್ಲಿ ಮೊದಲಿಗಿಂತ ಕೆಳಗೆ ಕೂರುತ್ತದೆ. ಹಳೆಯ ಶಾಕ್ ಕೊಯ್ದು, ಸಿಕ್ಕ ಎಣ್ಣೆ ತುಂಬಿ, ವೆಲ್ಡಿಂಗ್ ಮಾಡಿ ಬಣ್ಣ ಬಳಿದು ‘ರೀಕಂಡೀಷನ್’ ಎಂದು ಮಾರುವುದು ಎಲ್ಲಕ್ಕಿಂತ ಕೆಟ್ಟದ್ದು. ಶಾಕ್ ಬರೀ ಸುಖಕ್ಕಿರುವ ವಸ್ತುವಲ್ಲ. ಚಕ್ರ ರಸ್ತೆಗೆ ಅಂಟಿಕೊಂಡಿರುವುದು ಅದರಿಂದ, ಬ್ರೇಕು ಹಿಡಿಯುವುದೂ ಅದರಿಂದಲೇ. ಮಳೆಗಾಲದ ಘಾಟಿ ತಿರುವಿನಲ್ಲಿ ಮಕ್ಕಳನ್ನು ಕೂರಿಸಿಕೊಂಡಾಗ ಕೆಲವು ನೂರು ರೂಪಾಯಿಯ ಉಳಿತಾಯ ಲೆಕ್ಕಕ್ಕೆ ಬರಬಾರದು.

ನೋಂದಣಿಯಾಗಿ 15 ವರ್ಷ ತುಂಬಿದ ಖಾಸಗಿ ಕಾರಿಗೆ ಆರ್‌ಟಿಒ ತಪಾಸಣೆಯ ನಂತರ ಐದು ವರ್ಷಕ್ಕೆ ನವೀಕರಣ ಸಿಗುತ್ತದೆ. ಬಹಳಷ್ಟು ಮಂದಿ ಆ ಹೊತ್ತಿಗೆ ಪೇಂಟು, ಟಿಂಕರಿಂಗಿಗೆ ಹಣ ಸುರಿಯುತ್ತಾರೆ. ನನ್ನನ್ನು ಕೇಳಿದರೆ ಆ ದುಡ್ಡಿನ ಮೊದಲ ಪಾಲು ಕಾರಿನ ಕೆಳಭಾಗಕ್ಕೆ ಹೋಗಬೇಕು. ಒಳ್ಳೆಯ ಸಸ್ಪೆನ್ಷನ್ ಮೇಸ್ತ್ರಿ ಒಂದು ದಿನದಲ್ಲಿ ಮಾಡುವ ಕೆಲಸ ಆ ಐದು ವರ್ಷಕ್ಕೂ ಬರುತ್ತದೆ. ಆ ದಿನದ ಮಜೂರಿಯಲ್ಲಿ ಚೌಕಾಸಿ ಮಾಡುವವರು ಒಮ್ಮೆ ಕೂತು ಕೆಲಸ ನೋಡಲಿ.

ಗ್ಯಾರೇಜಿಗೆ ಹೋಗುವ ಮುನ್ನ ಇಷ್ಟು ನೆನಪಿಟ್ಟುಕೊಳ್ಳಿ. ಒಂದು ಕಡೆಯ ಸ್ಪ್ರಿಂಗೋ ಶಾಕೋ ಹೋಗಿದ್ದರೂ ಜೋಡಿಯಾಗಿಯೇ ಬದಲಿಸಿ, ಇಲ್ಲದಿದ್ದರೆ ಬ್ರೇಕು ಹಾಕಿದಾಗ ಕಾರು ಒಂದು ಬದಿಗೆ ಎಳೆಯುತ್ತದೆ. ಸ್ಟ್ರಟ್ ಹೇಗೂ ಬಿಚ್ಚಿದ ಮೇಲೆ ಮೌಂಟು, ಬೇರಿಂಗು, ಬಂಪ್ ಸ್ಟಾಪ್, ಧೂಳಿನ ಕವರು ಎಲ್ಲವನ್ನೂ ಹೊಸದೇ ಹಾಕಿಸಿ. ಇವಕ್ಕೆ ಇನ್ನೊಮ್ಮೆ ಬಿಚ್ಚುವ ಮಜೂರಿ ದಂಡ. ತೆಗೆದ ಹಳೆಯ ಸಾಮಾನನ್ನು ಕೇಳಿ ಪಡೆದು ನೋಡಿ. ಅದೇ ದಿನ ವೀಲ್ ಅಲೈನ್‌ಮೆಂಟ್ ಮಾಡಿಸಿ. ಐನೂರು ಕಿಲೋಮೀಟರು ಓಡಿಸಿದ ಮೇಲೆ ಅದೇ ಮೇಸ್ತ್ರಿಯ ಬಳಿ ಹೋಗಿ ನಟ್ಟುಗಳ ಬಿಗಿ ಒಮ್ಮೆ ನೋಡಿಸಿಕೊಂಡು ಬನ್ನಿ.